ಕಾಲಂಗುಲದ ಗುಂಡು

ಅಕ್ಕಿಹೆಬ್ಬಾಳಿನಲ್ಲಿ ಬೆಲ್ಲದ ಚೌಡಯ್ಯ ಎಂದರೆ ಸಾಕಿತ್ತು, ಅಪ್ಪನ ಹೆಸರಾಗಲಿ ಬೀದಿಯ ಹೆಸರಾಗಲಿ ಬೇಕಿರಲಿಲ್ಲ. ಹೇಮಾವತಿಯ ಅಂಚಿನ ಆಲೆಮನೆಗಳಿಂದ ಬೆಲ್ಲ ಎತ್ತುವುದು, ಸ್ಟೇಷನ್ನಿನಲ್ಲಿ ರೈಲಿಗೆ ಹಾಕಿ ಮೈಸೂರಿನ ಮಂಡಿಗೆ ಕಳಿಸುವುದು, ಮಾರಿ ಬಂದ ಹಣವನ್ನು ತಾನೇ ಹೊತ್ತುಕೊಂಡು ಹೋಗಿ ಒಬ್ಬೊಬ್ಬ ರೈತನ ಕೈಗೂ ಇಡುವುದು. ಇದು ಅಪ್ಪನ ಕಾಲದಿಂದ ಬಂದ ಕಸುಬು. ಚೀಟಿ ಇಲ್ಲ, ಹೆಬ್ಬೆಟ್ಟು ಇಲ್ಲ. ರೈತ ಬೆಲ್ಲ ತೂಗಿಕೊಡುತ್ತಿದ್ದುದು ಚೌಡಯ್ಯನ ಮುಖ ನೋಡಿ. "ನಂಬ್ಕೆ ಅನ್ನೋದು ಬೆಲ್ಲದ ಪಾಕ ಇದ್ದಂಗೆ ಕಣ್ಲಾ, ಒಂದ್ಸಲ ಹದ ತಪ್ಪುದ್ರೆ ಅಚ್ಚಿಗೆ ಕೂರಲ್ಲ" ಎಂದು ಅವನಪ್ಪ ಹೇಳುತ್ತಿದ್ದ. ಆ ಮಾತನ್ನು ಬೇರೆಯವರಿಗೆ ಹೇಳುವುದರಲ್ಲಿ ಚೌಡಯ್ಯ ಅಪ್ಪನಿಗಿಂತ ಒಂದು ಹೆಜ್ಜೆ ಮುಂದಿದ್ದ, ತಾನು ನಡೆದುಕೊಳ್ಳುವುದರಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದ. ಅವನ ಬಾಳಿನ ಕತೆಯೆಲ್ಲ ಹಿಂದೆ ಬಿದ್ದ ಆ ಒಂದು ಹೆಜ್ಜೆಯದು.

ಹಣ ಹೊತ್ತು ಹೋಗುವಾಗ ಜೊತೆಗೆ ಸಣ್ಣಯ್ಯ ಇರುತ್ತಿದ್ದ. ಸಣ್ಣಯ್ಯನ ತಾಯಿ ಅವನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದಳು. ಪಕ್ಕದ ಮನೆಯ ತಿಮ್ಮಮ್ಮ, ಅಂದರೆ ಚೌಡಯ್ಯನ ತಾಯಿ, ಎರಡು ಮಕ್ಕಳಿಗೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಹಾಕಿ ಬೆಳೆಸಿದಳು. ದೊಡ್ಡವರಾದ ಮೇಲೆ ಒಬ್ಬ ವ್ಯಾಪಾರಕ್ಕೆ ಕೂತ, ಇನ್ನೊಬ್ಬ ಅವನ ಗಾಡಿ ಹೊಡೆದ. ಆದರೂ ಯಜಮಾನ, ಆಳು ಎಂಬ ಮಾತು ಇಬ್ಬರ ನಡುವೆ ಬರಲಿಲ್ಲ. ಸಣ್ಣಯ್ಯನ ಕೈಯಲ್ಲಿ ಕಬ್ಬಿಣದ ಬಳೆ ಹಾಕಿದ ಒಂದು ಬಿದಿರ ದೊಣ್ಣೆ, ಹೆಗಲ ಮೇಲೆ ಕರಿ ಕಂಬಳಿ, ಬಾಯಲ್ಲಿ ಬಿಡುವಿಲ್ಲದ ಮಾತು. ಚೌಡಯ್ಯನ ಹೆಂಡತಿ ಸಿದ್ದಲಿಂಗಮ್ಮ ನಗುತ್ತಿದ್ದಳು: "ಸಣ್ಣಯ್ಯನ ಕೈಲಿ ದೊಣ್ಣೆ ಯಾಕೆ, ಅವನ ಮಾತು ಕೇಳಿದ್ರೇ ಕಳ್ಳ ಕೈ ಮುಗ್ದು ಓಯ್ತಾನೆ."

ತಿಮ್ಮಮ್ಮ ಇಬ್ಬರಿಗೂ ಮುದ್ದೆಯ ಜೊತೆಗೆ ಒಂದು ಬುದ್ಧಿಯನ್ನೂ ಉಣಿಸಿದ್ದಳು. "ದೀಪ ಅಚ್ಚಿದ ಮ್ಯಾಲೆ ಈಚೆಲಿ ಯಾರಾರಾ ಕೂಗುದ್ರೆ ಮೂರ್ನೇ ಸಲ ಕೂಗೋಗಂಟ ಓ ಅನ್ಬ್ಯಾಡಿ ಕಣ್ರಪ್ಪ. ಗಾಳಿ ನಮ್ಮೋರ ದನೀಲೇ ಕೂಗ್ತದೆ. ಆದ್ರೆ ಮೂರ್ನೇ ಸಲ ಕೂಗಕ್ಕೆ ಅದ್ಕೆ ಬರಲ್ಲ." ಆ ಸೀಮೆಯಲ್ಲಿ ಇದನ್ನು ಕೇಳದೆ ಬೆಳೆದ ಮಗುವಿಲ್ಲ. ಚೌಡಯ್ಯ ಸ್ಟೇಷನ್ ಮಾಸ್ತರರ ಎದುರು ಕೂತು ದೆವ್ವ ಪಿಶಾಚಿಯೆಲ್ಲ ಹುಸಿ ಎಂದು ವಾದಿಸುವವನು. ಆದರೆ ಕತ್ತಲಾದ ಮೇಲೆ ಯಾರಾದರೂ ಬಾಗಿಲಲ್ಲಿ ಕೂಗಿದರೆ ಅವನೂ ಮೂರನೆಯದನ್ನು ಎಣಿಸಿಯೇ ಓಗೊಡುತ್ತಿದ್ದ.

ಚೀನಾದವರ ಜೊತೆ ಯುದ್ಧವಾದ ವರ್ಷ ಕಿಕ್ಕೇರಿ ರಸ್ತೆಯ ಒಂದು ಮೋರಿಯ ಹತ್ತಿರ ತೆಂಗಿನಕಾಯಿ ವ್ಯಾಪಾರಿಯೊಬ್ಬನನ್ನು ಯಾರೋ ಬಡಿದು ಹಣದ ಚೀಲ ಕಿತ್ತುಕೊಂಡು ಹೋದರು. ಪೆಟ್ಟು ತಿಂದವನು ವಾರದಲ್ಲಿ ಎದ್ದು ಓಡಾಡಿದ. ಸುದ್ದಿ ಮಾತ್ರ ಒಂದೊಂದು ಊರು ದಾಟಿದಾಗಲೂ ದಪ್ಪವಾಗುತ್ತ, ಅಕ್ಕಿಹೆಬ್ಬಾಳಿಗೆ ಬರುವ ಹೊತ್ತಿಗೆ ಹತ್ತು ಜನ ಕಳ್ಳರು, ಮಚ್ಚು, ಎರಡು ಹೆಣ ಎಂದಾಗಿತ್ತು. ಚೌಡಯ್ಯನ ನಿದ್ದೆ ಹಾರಿತು. ಹೊತ್ತು ತಂದ ಹಣ ತನ್ನದಾದರೆ ಹೋಗಲಿ ಎನ್ನಬಹುದು, ಊರೂರ ರೈತರದು. ಅದು ಹೋದರೆ ಅಪ್ಪನಿಂದ ಬಂದ ಹೆಸರೂ ಅದರ ಜೊತೆಗೆ ಹೋದಂತೆಯೇ. ಸಣ್ಣಯ್ಯನ ದೊಣ್ಣೆಯನ್ನು ಅವನು ಮೊದಲ ಸಲ ಬರಿಯ ಬಿದಿರು ಎಂದು ನೋಡಿದ.

ಶಾನುಭೋಗ ಜಯರಾಮಯ್ಯನವರು ಅರ್ಜಿ ಬರೆದುಕೊಟ್ಟರು. ಮಂಡ್ಯಕ್ಕೆ ಓಡಾಟ, ಪೊಲೀಸಿನವರ ವಿಚಾರಣೆ ಎಲ್ಲ ಮುಗಿದು ಲೈಸೆನ್ಸು ಬಂತು. ಚೌಡಯ್ಯ ಅವರ ಜಗಲಿಯಲ್ಲಿ ಕೂತು ಅಂಗಲಾಚಿದ: "ಬುದ್ಧೀ, ಇದು ನಿಮ್ಮಲ್ಲೇ ಇರ್ಲಿ. ಚೌಡಯ್ಯ ಕೋವಿ ಮಡಗವ್ನೆ ಅಂತ ಆಲೆಮನೇಲಿ ಗೊತ್ತಾದ್ರೆ, ನಮ್ಮ ಮ್ಯಾಲೇ ಅನುಮಾನ ಬಂತಾ ಇವ್ನಿಗೆ ಅಂತಾರೆ."

"ನಾನು ಹೇಳುವುದಿಲ್ಲಪ್ಪ," ಎಂದರು ಜಯರಾಮಯ್ಯ. "ಆದರೆ ಒಂದು ಮಾತು. ಸಣ್ಣಯ್ಯನಿಗಾದರೂ ಹೇಳಿಬಿಡು. ಪಕ್ಕದಲ್ಲೇ ನಡೆಯುವವನು."

"ಅವನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ ಬುದ್ಧಿ" ಎಂದ ಚೌಡಯ್ಯ. ಅದು ನಿಜವೇ. ಆದರೆ ನಿಜವನ್ನೆಲ್ಲ ನೆಪ ಮಾಡಿಕೊಳ್ಳುವವನಿಗೆ ಯಾರೇನು ಹೇಳಲಾದೀತು?

ಮೈಸೂರಿನ ಮದ್ದುಗುಂಡಿನ ಅಂಗಡಿಯ ಸಾಬರು ಬಿಳಿಗಡ್ಡದ ಮುದುಕರು. ಹೊಸ ಮಾಲು ಹೊರದೇಶದಿಂದ ಬರುವುದು ನಿಂತುಹೋಗಿತ್ತು. ಹಾಗಾಗಿ ಇದ್ದದ್ದೆಲ್ಲ ಕೈಬದಲಿಯದು. ಅವರು ಕೆಂಪು ಬಟ್ಟೆ ಹಾಸಿ ಎರಡನ್ನು ಇಟ್ಟರು. ಒಂದು ಮೂವತ್ತೆರಡು ಬೋರಿನ ರಿವಾಲ್ವರು, ಇಂಗ್ಲೆಂಡಿನದು, ಕೈಯಲ್ಲಿ ಹಿಡಿದರೆ ಒಳ್ಳೆ ಸುತ್ತಿಗೆಯ ತೂಕ. ಇನ್ನೊಂದು ಇಪ್ಪತ್ತೈದು ಬೋರಿನ ಪಿಸ್ತೂಲು, ಕೊಡಗಿನ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಮಾರಿಹೋದದ್ದು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟದು. ಮೂವತ್ತೆಂಟು ಇಲ್ಲವೇ ಎಂದು ಚೌಡಯ್ಯ ಕೇಳಿದ. ರೈಲಿನಲ್ಲಿ ಯಾರೋ ಹೇಳಿದ್ದರು.

"ಅದು ಮಿಲಿಟರಿ ಬೋರು ಯಜಮಾನ್ರೇ, ನಮ್ಮಂಥೋರಿಗೆ ಲೈಸೆನ್ಸಲ್ಲಿ ಬರೋಲ್ಲ," ಎಂದರು ಸಾಬರು. "ಬೋರು ಅಂದ್ರೆ ನಳಿಗೆ ಅಗಲ. ಇಪ್ಪತ್ತೈದು ಅಂದ್ರೆ ಕಾಲು ಅಂಗುಲ. ಮೂವತ್ತೆರಡು ಅಂದ್ರೆ ಅದಕ್ಕಿಂತ ಒಂದು ಚೂರು ಜಾಸ್ತಿ. ನೋಡೋಕೆ ಅಲಸಂದೆ ಕಾಳಿಗೂ ಅವರೆಕಾಳಿಗೂ ಇರೋ ಫರಕು. ಹೊಡ್ದಾಗ ಫರಕು ಬಹಳ."

"ಏನು ಪರಕು?"

ಸಾಬರು ಎರಡೂ ಗುಂಡುಗಳನ್ನು ಅವನ ಅಂಗೈಗೆ ಹಾಕಿದರು. "ಈ ಅವರೆಕಾಳು ತಾಗಿದ್ರೆ ಎದುರಿಗೆ ಬರೋನು ನಿಲ್ತಾನೆ. ಈ ಅಲಸಂದೆ ತಾಗಿದ್ರೆ ನಿಲ್ಲೋಲ್ಲ. ಬಂದು ನಿಮ್ಮನ್ನು ಹೊಡ್ದು, ದುಡ್ಡು ತಗೊಂಡು ನಡ್ಕೊಂಡು ಹೋಗಿ, ನಾಲ್ಕು ದಿನ ಬಿಟ್ಟು ಜ್ವರ ಬಂದು ಸಾಯ್ತಾನೆ. ಕಳ್ಳನೂ ಉಳಿಯೋಲ್ಲ, ನಿಮ್ಮ ದುಡ್ಡೂ ಉಳಿಯೋಲ್ಲ." ಆಮೇಲೆ ಗುಂಡಿಲ್ಲದ ರಿವಾಲ್ವರನ್ನು ಕೈಗೆ ಕೊಟ್ಟು ಅದರ ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಯನ್ನು, ಎಳೆಸಿದರು. ಗಟ್ಟಿಯಾಗಿತ್ತು, ಬಾವಿಯ ಹಗ್ಗ ಎಳೆದ ಹಾಗೆ ಬೆರಳು ಬಿಗಿಯಬೇಕು. ಪಿಸ್ತೂಲಿನದು ಮುಟ್ಟಿದರೆ ಸಾಕು, ಟಕ್ ಎಂದಿತು. "ಇದೂ ಒಂದು ನೋಡ್ಕೊಳ್ಳಿ. ದೊಡ್ಡದರ ಕುದುರೆ ಎಳೆಯೋ ಹೊತ್ತಿಗೆ ಮನಸ್ಸು ಬದಲಾಯಿಸೋಕೆ ಮನುಷ್ಯನಿಗೆ ಒಂದು ಉಸಿರು ಸಿಗ್ತದೆ. ಚಿಕ್ಕದರಲ್ಲಿ ಆ ಉಸಿರು ಇಲ್ಲ. ನನ್ನ ಕೇಳಿದ್ರೆ ದೊಡ್ಡದು ತಗೊಳ್ಳಿ."

ಚೌಡಯ್ಯ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಬಿಟ್ಟು, ಅಂಗಡಿಯ ಕನ್ನಡಿಯ ಮುಂದೆ ನಿಂತ. ಬೆಲ್ಲದ ಅಚ್ಚು ಕದ್ದು ಬಚ್ಚಿಟ್ಟುಕೊಂಡವನ ಹಾಗೆ ಹೊಟ್ಟೆಯ ಪಕ್ಕ ಉಬ್ಬಿತ್ತು. ಆಲೆಮನೆಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ಎಲ್ಲರಿಗೂ ಕಾಣುತ್ತದೆ. ಪಿಸ್ತೂಲನ್ನು ಸಿಕ್ಕಿಸಿದ, ಏನೂ ಕಾಣಲಿಲ್ಲ. ಅವನಿಗೆ ಕಳ್ಳನ ಭಯಕ್ಕಿಂತ, ಭಯವಾಗಿದೆ ಎಂದು ಜನಕ್ಕೆ ತಿಳಿದೀತೆಂಬ ಭಯವೇ ದೊಡ್ಡದಾಗಿತ್ತು. ಚಿಕ್ಕದನ್ನೇ ಕಟ್ಟಿಸಿಕೊಂಡ. ಸಾಬರು ಬಟ್ಟೆ ಮಡಿಸಿಟ್ಟರು.

ಮನೆಯಲ್ಲಿ ಸಿದ್ದಲಿಂಗಮ್ಮ ಅದನ್ನು ಮುಟ್ಟದೆಯೇ ನೋಡಿದಳು. "ಯಾರ್ಗೂ ಕಾಣ್ದಂಗೆ ಮಡಿಕೊಂಡ್ರೆ ಕಳ್ಳ ಯಾವ್ದಕ್ಕೆ ಎದ್ರಿಕೊಂಡಾನು?"

"ಎದುರ್ಸಕ್ಕಲ್ಲ ಕಣೆ. ಮ್ಯಾಲೆ ಬಿದ್ರೆ ಇರ್ಲಿ ಅಂತ."

"ಎತ್ತಿಗೆ ಗಂಟೆ ಕಟ್ಟೋದು ದಾರೀಲಿರೋರು ಸರ್ಕೊಳ್ಳಲಿ ಅಂತ. ಗಂಟೆ ಇಲ್ದ ಎತ್ತು ತಂದಿದೀರಿ ನೀವು" ಎಂದು ಹೇಳಿ ಅವಳು ಒಲೆಯ ಮುಂದೆ ಹೋದಳು. ಆದರೂ ಅವನ ಬನಿಯನ್ನಿನ ಒಳಗೆ ಎಡಗಡೆಗೆ ಬಟ್ಟೆಯ ಚೀಲ ಹೊಲಿದುಕೊಟ್ಟವಳು ಅವಳೇ.

ಆ ಚೀಲದ ಜೊತೆಗೆ ಸಣ್ಣಯ್ಯನನ್ನು ಇಟ್ಟುಕೊಳ್ಳುವುದು ಆಗದ ಮಾತಾಯಿತು. ಇಬ್ಬರೂ ನಾಲೆಯಲ್ಲಿ ಒಟ್ಟಿಗೆ ಅಂಗಿ ಬಿಚ್ಚಿ ಮುಖ ಮೈ ತೊಳೆಯುವವರು, ಒಬ್ಬನ ಬೆನ್ನು ಇನ್ನೊಬ್ಬ ಉಜ್ಜುವವರು. ಬಚ್ಚಿಡುವುದು ಹೇಗೆ? ಒಂದು ಬೆಳಿಗ್ಗೆ ಚೌಡಯ್ಯ ಕೊಟ್ಟಿಗೆಯ ಹತ್ತಿರ ನಿಂತು, ಮುಖ ಬೇರೆ ಕಡೆ ಮಾಡಿ ಹೇಳಿದ: "ದುಡ್ಡು ಕೊಡಕ್ಕೆ ಇನ್ಮೇಲೆ ನಾನೊಬ್ನೇ ಸೈಕಲ್ಲಲ್ಲಿ ಓಯ್ತೀನಿ ಕಣ್ಲಾ. ನೀನು ಗಾಡಿ ನೋಡ್ಕ. ನಿಂಗೂ ವಯ್ಸಾಯ್ತು."

ಸಣ್ಣಯ್ಯ ಎತ್ತಿನ ಮೈ ತಿಕ್ಕುತ್ತಿದ್ದವನು ಕೈ ನಿಲ್ಲಿಸಿದ. "ನಿನ್ಗಿಂತ ಎರಡೊರ್ಷ ಚಿಕ್ಕೋನು ನಾನು. ನಿಂಗಾಗ್ದಿರೋ ವಯ್ಸು ನಂಗೆ ಎಲ್ಲಿಂದ ಬಂತಣ್ಣ?"

"ಅದಲ್ಲ ಕಣ್ಲಾ…"

"ಕೈ ತಪ್ಪೇನಾರಾ ಆಯ್ತಾ ನನ್ನಿಂದ?"

"ಇಲ್ಲ ಬುಡ್ಲಾ" ಎಂದ ಚೌಡಯ್ಯ. ಸಣ್ಣಯ್ಯ ಮತ್ತೆ ಎತ್ತಿನ ಮೈ ತಿಕ್ಕತೊಡಗಿದ. ಮಾತಿನ ಮಲ್ಲ ಅವತ್ತು ಮಧ್ಯಾಹ್ನದವರೆಗೂ ಬಾಯಿ ತೆರೆಯಲಿಲ್ಲ ಎಂದು ಸಿದ್ದಲಿಂಗಮ್ಮ ಗಂಡನಿಗೆ ಹೇಳಿದಳು. ನಾಲ್ಕು ದಿನಕ್ಕೆ ಸರಿಹೋಗುತ್ತಾನೆ ಎಂದು ಚೌಡಯ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ಸುಗ್ಗಿಯಲ್ಲಿ ಚೌಡಯ್ಯ ಬೇರೆಯೇ ಮನುಷ್ಯನಾದ. ಆಲೆಮನೆಯಲ್ಲಿ ಚಕ್ಕಂಬಕ್ಕಳ ಹಾಕಿದರೆ ಪಿಸ್ತೂಲು ಪಕ್ಕೆಗೆ ಒತ್ತುತ್ತಿತ್ತು, ಆದ್ದರಿಂದ ಒಂದೇ ಮಗ್ಗುಲಿಗೆ ವಾಲಿಕೊಂಡು ಕೂರುತ್ತಿದ್ದ. "ಯಾಕ್ ಚೌಡಯ್ನೋರೇ, ಮೂಲವ್ಯಾಧಿಯಾ? ಬಿಸಿ ಬೆಲ್ಲ ಕಮ್ಮಿ ತಿನ್ನಿ" ಎಂದು ರೈತರು ನಗುತ್ತಿದ್ದರು, ಅವನೂ ನಕ್ಕ. ಯಾರಾದರೂ ಹೆಗಲ ಮೇಲೆ ಕೈ ಹಾಕಲು ಬಂದರೆ ಹಿಂದೆ ಸರಿದ. ದೇವಸ್ಥಾನದಲ್ಲಿ ಉದ್ದಕ್ಕೆ ಅಡ್ಡಬೀಳುವವನು ನಿಂತೇ ಕೈ ಮುಗಿದ. ಮೊದಲು ದಾರಿಯಲ್ಲಿ ಸಣ್ಣಯ್ಯನ ಮಾತು ತುಂಬಿರುತ್ತಿತ್ತು. ಈಗ ಕಬ್ಬಿನ ಗರಿ ಅಲುಗಿದರೂ ಕೇಳುತ್ತಿತ್ತು, ಕೇಳಿದ್ದಕ್ಕೆಲ್ಲ ಅವನ ಕೈ ಬನಿಯನ್ನಿನ ಒಳಗೆ ಹೋಗುತ್ತಿತ್ತು. ಕೋವಿ ತಂದರೆ ಭಯ ಹೋಗುತ್ತದೆ ಎಂದುಕೊಂಡಿದ್ದ. ಭಯ ಆ ಕೋವಿಯನ್ನೇ ತಾನಿರುವ ಮನೆ ಮಾಡಿಕೊಂಡಿತು.

ಸಂಕ್ರಾಂತಿ ಕಳೆದು ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ ಹಣ ಹಂಚುವುದು ಅರ್ಧಕ್ಕೇ ಉಳಿದು, ಮಿಕ್ಕಿದ್ದನ್ನು ಹೊತ್ತುಕೊಂಡೇ ಚೌಡಯ್ಯ ನಾಲೆ ಏರಿಯ ಮೇಲೆ ಹಿಂತಿರುಗುತ್ತಿದ್ದ. ಸೈಕಲ್ಲಿನ ಚಕ್ರದ ಗಾಳಿ ಇಳಿದಿತ್ತು, ತಳ್ಳಿಕೊಂಡು ನಡೆಯುತ್ತಿದ್ದ. ಹೊತ್ತು ಮುಳುಗಿ, ಊರಲ್ಲಿ ದೀಪ ಹಚ್ಚಿಯಾಗಿತ್ತು. ಏರಿಯ ಆಚೆ ಈಚೆ ಆಳೆತ್ತರದ ಕಬ್ಬು. ಹಿಂದೆ ಯಾರೋ ನಡೆಯುವ ಸದ್ದು ಕೇಳಿಸಿತು. ಇವನು ನಿಂತರೆ ಅದೂ ನಿಲ್ಲುತ್ತದೆ, ಇವನು ನಡೆದರೆ ಅದೂ ನಡೆಯುತ್ತದೆ.

ತಿರುಗಿ ನೋಡಿದ. ಸ್ವಲ್ಪ ದೂರದಲ್ಲಿ ತಲೆಯಿಂದ ತೊಡೆಯವರೆಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಂದು ಆಳು, ಕೈಯಲ್ಲಿ ಉದ್ದನೆಯದೇನೋ. ಮುಖ ಕಾಣದು.

"ಯಾರ್ಲಾ ಅದು?" ಎಂದು ಕೂಗಿದ.

ಉತ್ತರವಿಲ್ಲ. ಆಳು ನಿಂತಲ್ಲೇ ನಿಂತಿತು.

ಚೌಡಯ್ಯನ ಕೈ ಬನಿಯನ್ನಿನ ಒಳಗೆ ಹೋಗಿ ಪಿಸ್ತೂಲಿನೊಂದಿಗೆ ಹೊರಗೆ ಬಂತು. "ಯಾರ್ಲಾ ಅದು, ಮಾತಾಡ್ಲಾ" ಎಂದು ಇನ್ನೊಮ್ಮೆ ಕೂಗಿದ.

ಆಳು ಅಲುಗಲಿಲ್ಲ, ಮಾತಾಡಲಿಲ್ಲ. ಹೆಗಲ ಮೇಲಿನಿಂದ ಜಾರುತ್ತಿದ್ದ ಕಂಬಳಿಯನ್ನು ಸರಿಮಾಡಿಕೊಳ್ಳಲು ಕೈ ಎತ್ತಿತು, ಅಷ್ಟೆ. ಚೌಡಯ್ಯನ ಬೆರಳು ಬಿಗಿಯಿತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಒದ್ದೆ ಪಟಾಕಿ ಸಿಡಿದ ಹಾಗೆ ಒಂದು ಸಣ್ಣ ಸದ್ದಾಯಿತು.

"ಅಣ್ಣ, ನಾನ್ ಕಣಣ್ಣ," ಎಂದಿತು ಆಳು. "ಸಣ್ಣಯ್ಯ."

ಆಮೇಲೆ ಅವನು ಮೆಲ್ಲಗೆ, ಊಟಕ್ಕೆ ಕೂರುವವನ ಹಾಗೆ, ಏರಿಯ ಮೇಲೆ ಕೂತುಕೊಂಡ.

ಚೌಡಯ್ಯ ಸೈಕಲ್ಲು ಬಿಸಾಡಿ ಓಡಿದ. ಗುಂಡು ಬಲತೊಡೆಯ ಒಳಕ್ಕೆ ಹೋಗಿತ್ತು. ತೂತು ನಿಜವಾಗಿಯೂ ಅಲಸಂದೆ ಕಾಳಿನಷ್ಟು. ರಕ್ತವೂ ಹೆಚ್ಚಿಲ್ಲ. ಚೌಡಯ್ಯ ತನ್ನ ಹೆಗಲ ಮೇಲಿನ ವಲ್ಲಿಯಿಂದ ಗಾಯ ಬಿಗಿಯುತ್ತ ಅಳುತ್ತಿದ್ದ. ಸಣ್ಣಯ್ಯ ಪಕ್ಕದಲ್ಲಿ ಬಿದ್ದಿದ್ದ ಪಿಸ್ತೂಲನ್ನು ನೋಡಿದ. "ಇದ್ಯಾವಾಗಣ್ಣ ತಂದೆ ನೀನು?" ಎಂದ. ಕೋಪವಿರಲಿಲ್ಲ ಆ ಮಾತಿನಲ್ಲಿ, ಹೊಸ ಸೈಕಲ್ಲು ಕಂಡವನ ಹಾಗೆ ಕೇಳಿದ. "ಓ ಅನ್ಲಿಲ್ವಲ್ಲೋ ನೀನು, ಯಾಕ್ಲಾ ಓ ಅನ್ಲಿಲ್ಲ?" ಎಂದು ಚೌಡಯ್ಯ ಬಡಬಡಿಸಿದ. ಸಣ್ಣಯ್ಯನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಮೂರ್ನೇ ಸಲ ಕೂಗ್ಲಿಲ್ವಲ್ಲಣ್ಣ ನೀನು" ಎಂದ.

ಗುಂಡು ದೊಡ್ಡದಾಗಿದ್ದರೆ ಮೂಳೆ ಒಡೆದು, ರಕ್ತ ಹರಿದು, ಅವತ್ತೇ ಊರಿಗೆಲ್ಲ ಗೊತ್ತಾಗಿ, ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾಗುತ್ತಿತ್ತು. ಚಿಕ್ಕದಾದ್ದರಿಂದ ಬಚ್ಚಿಡಬಹುದು ಎನಿಸಿತು. ಸಿದ್ದಲಿಂಗಮ್ಮ ಬೆಳಗಿನ ರೈಲಿಗೇ ಮೈಸೂರಿಗೆ ಹೊರಡಿ ಎಂದಳು. ಬೇಡ ಎಂದವನು ಸಣ್ಣಯ್ಯ. "ಆಸ್ಪತ್ರೇಲಿ ಗುಂಡು ಅಂದ್ರೆ ಪೊಲೀಸ್ನೋರು ಬತ್ತಾರೆ. ಅಣ್ಣನ ಕೈಗೆ ಬೇಡಿ ಆಕ್ತಾರೆ. ಏನೂ ಆಗಿಲ್ಲ ಬುಡಿ, ಗೊದ್ದದಿರ್ವೆ ಕಚ್ದಂಗದೆ." ಬೇಡ ಎಂದವನು ಸಣ್ಣಯ್ಯ, ಆದರೆ ಆಗಲಿ ಎಂದವನು ಚೌಡಯ್ಯ. ಮುಂದಿನ ಜೀವನವೆಲ್ಲ ಅವನು ಕೊರಗಿದ್ದು ಗುಂಡು ಹಾರಿಸಿದ್ದಕ್ಕೆ ಎಷ್ಟೋ, ಆ ರಾತ್ರಿ ಆಗಲಿ ಎಂದದ್ದಕ್ಕೂ ಅಷ್ಟೆ. ಕತ್ತಲಲ್ಲಿ ಹೊಡೆದದ್ದು ಕೈ. ದೀಪದ ಬೆಳಕಿನಲ್ಲಿ ಆಗಲಿ ಎಂದದ್ದು ಅವನ ಪೂರ್ತಿ ಬುದ್ಧಿ.

ಕಟಾವಾದ ಗದ್ದೆಯಲ್ಲಿ ಬಿದ್ದು ಕಬ್ಬಿನ ಕೂಳೆ ತೊಡೆಗೆ ಹೊಕ್ಕಿತು ಎಂದು ಊರಿಗೆ ಹೇಳಿದರು. ಅಂಥದ್ದು ಸುಗ್ಗಿಯಲ್ಲಿ ಯಾರಿಗಾದರೂ ಆಗುತ್ತಿತ್ತು, ಜನ ನಂಬಿದರು. ಹಳ್ಳಿಯ ಔಷಧಿಯವನು ಸೊಪ್ಪು ಅರೆದು ಕಟ್ಟಿದ. ಮೂರು ನಾಲ್ಕು ದಿನಕ್ಕೆ ತೊಡೆ ಬಾಳೆದಿಂಡಿನ ಹಾಗೆ ಊದಿತು, ಜ್ವರ ಏರಿತು. ಮೈಸೂರಿನ ಸಾಬರ ಮಾತು ಚೌಡಯ್ಯನ ಕಿವಿಯಲ್ಲಿ ಬಡಿಯತೊಡಗಿತು: ನಾಲ್ಕು ದಿನ ಬಿಟ್ಟು ಜ್ವರ ಬಂದು.

ಕೊನೆಗೆ ಬಂದು ನಿಂತವಳು ಸಣ್ಣಯ್ಯನ ಹೆಂಡತಿ ಬೆಟ್ಟಮ್ಮ. ಅವಳ ಕೈಯಲ್ಲಿ ಗಂಡನ ಕಂಬಳಿ ಇತ್ತು. ಅದನ್ನು ಚೌಡಯ್ಯನ ಮುಂದೆ ಬಿಡಿಸಿ, ತೂತಿನಲ್ಲಿ ಬೆರಳು ತೂರಿಸಿ ಕೇಳಿದಳು: "ಕೂಳೆ ಚುಚ್ಚುದ್ರೆ ಬಟ್ಟೆ ಅರೀತದೆ ಭಾವ. ಇಂಗೆ ದುಂಡಗೆ ತೂತಾಯ್ತದಾ?"

ಚೌಡಯ್ಯ ನೆಲ ನೋಡಿದ. ಆಮೇಲೆ ಎಲ್ಲ ಹೇಳಿದ. ಬೆಟ್ಟಮ್ಮ ಕೂಗಾಡಲಿಲ್ಲ. ಕಂಬಳಿ ಮಡಿಸುತ್ತ ಹೇಳಿದಳು: "ನಿಮ್ಮ ಇಂದೆ ಅವ್ರು ಒಂದಿನ ಬಂದಿದ್ದಲ್ಲ. ನೀವು ಬ್ಯಾಡ ಅಂದಾಗ್ನಿಂದ ದಿನಾ ಸಂಜೆ ಏರಿ ಮ್ಯಾಲೆ ಕಾದಿದ್ದು, ನಿಮ್ಮ ಸೈಕಲ್ಲಿನ ಇಂದೆ ಓಡ್ಕಂಡು ಬತ್ತಿದ್ರು. ದುಡ್ಡು ಇಟ್ಕೊಂಡು ಅಣ್ಣ ಒಬ್ನೇ ಓಯ್ತಾನೆ, ನಾನು ಕಂಡ್ರೆ ಬೈತಾನೆ, ಕಾಣ್ದಂಗೆ ಇಂದೆ ಇರ್ತೀನಿ ಅಂತಿದ್ರು." ಕಾಯಲು ಬಂದವನನ್ನೇ ಚೌಡಯ್ಯ ಹೊಡೆದಿದ್ದ. ಬೇಲಿ ಎದ್ದು ಹೊಲ ಮೇಯುವ ಮಾತು ಎಲ್ಲರೂ ಕೇಳಿದ್ದೇವೆ. ಇಲ್ಲಿ ಹೊಲವೇ ಎದ್ದು ಬೇಲಿಗೆ ಬೆಂಕಿ ಇಟ್ಟಿತ್ತು.

ಅವತ್ತಿನ ರೈಲಿಗೇ ಸಣ್ಣಯ್ಯನನ್ನು ಮಲಗಿಸಿಕೊಂಡು ಹೋದರು. ಆಸ್ಪತ್ರೆಯಲ್ಲಿ ಗುಂಡು ತೆಗೆದರು, ಕೀವು ತೆಗೆದರು, ಜೀವ ಉಳಿಯಿತು. ಮಂಡಿ ಮಾತ್ರ ಮತ್ತೆ ಮಡಿಸಲು ಬರಲಿಲ್ಲ. ಡಾಕ್ಟರು ಚೌಡಯ್ಯನಿಗೆ ಹೇಳಿದರು: "ಪುಣ್ಯಕ್ಕೆ ಸಣ್ಣ ಬೋರು. ಮೂವತ್ತೆರಡಾಗಿದ್ದರೆ ತೊಡೆಯ ಮೂಳೆಯೇ ಪುಡಿಯಾಗುತ್ತಿತ್ತು. ಮೊದಲ ದಿನವೇ ಕರೆತಂದಿದ್ದರೆ ಮಂಡಿಯೂ ಉಳಿಯುತ್ತಿತ್ತು." ಊರಿಗೆ ಬಂದ ಮೇಲೆ ಜಯರಾಮಯ್ಯನವರೂ ಅದನ್ನೇ ಹೇಳಿ ಸಮಾಧಾನ ಮಾಡಿದರು, ಚಿಕ್ಕದನ್ನು ಆರಿಸಿದ್ದೇ ಒಳ್ಳೆಯದಾಯಿತು ಎಂದು. ಚೌಡಯ್ಯ ಎಲ್ಲರ ಮಾತಿಗೂ ತಲೆಯಾಡಿಸಿದ. ಒಳಗೆ ಅವನ ಲೆಕ್ಕ ಬೇರೆ ಇತ್ತು. ದೊಡ್ಡದನ್ನು ಆರಿಸಿದ್ದರೆ ಬಚ್ಚಿಡಲಾಗುತ್ತಿರಲಿಲ್ಲ. ಬಚ್ಚಿಡದಿದ್ದರೆ ಸಣ್ಣಯ್ಯನಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದರೆ ಪಕ್ಕದಲ್ಲೇ ನಡೆಯುತ್ತಿದ್ದ, ಹಿಂದೆ ಬರುತ್ತಿರಲಿಲ್ಲ. ಹಿಂದೆ ಬಂದಿದ್ದರೂ ಆ ಗಟ್ಟಿ ಕುದುರೆ ಎಳೆಯುವಷ್ಟರಲ್ಲಿ ತಾನು ಇನ್ನೊಂದು ಸಲ ಕೂಗುತ್ತಿದ್ದನೋ ಏನೋ. ಕೆಟ್ಟ ಮೇಲೆ ಬಂದ ಬುದ್ಧಿ ಇದು, ಅಟ್ಟ ಮೇಲೆ ಉರಿದ ಒಲೆ. ಆದರೂ ದಿನವೂ ಅದನ್ನೇ ಹೊತ್ತಿಸಿಕೊಂಡು ಅದರ ಮುಂದೆ ಕೂರುತ್ತಿದ್ದ.

ಪೊಲೀಸರು ಪಿಸ್ತೂಲು ತೆಗೆದುಕೊಂಡು ಹೋದರು, ಲೈಸೆನ್ಸು ರದ್ದಾಯಿತು, ಕೇಸು ನಡೆಯಿತು. ಸಣ್ಣಯ್ಯ ಕುಂಟುತ್ತ ಬಂದು ಕಟಕಟೆಯಲ್ಲಿ ನಿಂತ. ಕರೆದಾಗ ಯಾಕೆ ಮಾತಾಡಲಿಲ್ಲ ಎಂದು ಕೇಳಿದ್ದಕ್ಕೆ, "ಮೂರ್ನೇ ಸಲ ಕೂಗ್ಲಿ ಅಂತ ಕಾಯ್ತಿದ್ದೆ ಸ್ವಾಮಿ, ನಂದೇ ತಪ್ಪು" ಎಂದ. ಕೂತಿದ್ದ ಜನ ನಕ್ಕರು. ಚೌಡಯ್ಯನಿಗೆ ಆ ನಗುವಿನ ನಡುವೆ ತನ್ನ ತಾಯಿಯ ದನಿ ಕೇಳಿಸಿತು, ಎರಡು ಮಕ್ಕಳಿಗೆ ಮುದ್ದೆ ಮುರಿಯುತ್ತ ಹೇಳಿದ್ದು. ಕೇಳಿಸಿಕೊಂಡಿದ್ದವರು ಇಬ್ಬರು, ಆ ಸಂಜೆ ಅದನ್ನು ನೆನಪಿಟ್ಟುಕೊಂಡವನು ಒಬ್ಬ. ಸಣ್ಣಯ್ಯನ ಆ ಒಂದು ಮಾತಿನ ಮೇಲೆ ಚೌಡಯ್ಯನಿಗೆ ಬಿಡುಗಡೆಯಾಯಿತು.

ಆಮೇಲೆ ಬೆಲ್ಲದ ವ್ಯಾಪಾರ ನಡೆದೇ ನಡೆಯಿತು. ಜನ ಮರೆತರೋ ಕ್ಷಮಿಸಿದರೋ, ಬೆಲ್ಲ ಕೊಡುವುದನ್ನು ನಿಲ್ಲಿಸಲಿಲ್ಲ. ಚೌಡಯ್ಯ ಸಣ್ಣಯ್ಯನನ್ನು ಮತ್ತೆ ಜೊತೆಗೆ ಕರೆದ, ನಡೆಯಲಾಗದವನಿಗೆ ಒಂದು ಕಮಾನುಗಾಡಿ ಮಾಡಿಸಿದ. ಮೊದಲ ದಿನ ಸಣ್ಣಯ್ಯನ ಕೈ ಹಿಡಿದು ತನ್ನ ಬನಿಯನ್ನಿನ ಎಡಮಗ್ಗುಲನ್ನೂ ಸೊಂಟವನ್ನೂ ಮುಟ್ಟಿಸಿ ತೋರಿಸಿದ. "ನೋಡ್ಲಾ, ಏನೂ ಇಲ್ಲ."

"ಗೊತ್ತು ಬುಡಣ್ಣ" ಎಂದು ಸಣ್ಣಯ್ಯ ನಕ್ಕ. ಗಾಡಿಯಲ್ಲಿ ಮೊದಲಿನಂತೆ ಮಾತಾಡಿದ. ಎಲ್ಲ ಮೊದಲಿನಂತೆಯೇ ಆಯಿತು ಎಂದು ಚೌಡಯ್ಯ ಒಂದೆರಡು ದಿನ ನಂಬಿದ.

ಆದರೆ ಒಂದು ಹೊಸ ರೂಢಿ ಬಂದುಬಿಟ್ಟಿತ್ತು. ಸಣ್ಣಯ್ಯ ಚೌಡಯ್ಯನ ಮನೆಗೆ ಬರುವಾಗ ಅಂಗಳದ ಬಿದಿರ ತಡಿಕೆ ಬಾಗಿಲ ಆಚೆಯೇ ನಿಂತು ಕೂಗುತ್ತಿದ್ದ: "ನಾನ್ ಕಣಣ್ಣ, ಸಣ್ಣಯ್ಯ." ಯಾರದು ಎಂದು ಯಾರೂ ಕೇಳಿರುತ್ತಿರಲಿಲ್ಲ. ಹಾಡುಹಗಲು, ಎದುರಿಗೇ ಜಗಲಿಯ ಮೇಲೆ ಚೌಡಯ್ಯ ಕೂತಿರುತ್ತಿದ್ದ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಆದರೂ ಕೂಗಿಯೇ ತಡಿಕೆ ದಾಟುತ್ತಿದ್ದ. ಕೊಟ್ಟಿಗೆಯಿಂದ ಹಿತ್ತಲಿಗೆ ಬಂದರೂ ಕೂಗು, ಆಲೆಮನೆಯಲ್ಲಿ ಬೆನ್ನ ಹಿಂದಿನಿಂದ ಬಂದರೂ ಕೂಗು. ಎಲ್ಲೋ ನಾಲ್ಕು ತಿಂಗಳಿಗೆ ಹೋಗುತ್ತದೆ ಎಂದುಕೊಂಡರೆ ವರ್ಷಗಳೇ ಹೋದವು, ಅದು ಹೋಗಲಿಲ್ಲ. ಸಣ್ಣಯ್ಯನ ಕೂದಲು ಬೆಳ್ಳಗಾಯಿತು, ಅವನ ಮನೆಗೆ ಸೊಸೆ ಬಂದಳು, ಊರಿಗೆ ಕರೆಂಟು ಬಂತು. ಬೇರೆ ಯಾರ ಮನೆಗೂ ಅವನು ಹಾಗೆ ಕೂಗಿ ಹೋದವನಲ್ಲ.

"ಯಾಕ್ ಸಣ್ಣಯ್ಯ, ನಮ್ಗೆ ಕಣ್ಣು ಕಾಣಲ್ವ?" ಎಂದು ಸಿದ್ದಲಿಂಗಮ್ಮ ಒಮ್ಮೆ ಕೇಳಿದಳು.

"ಅಬ್ಯಾಸ ಕಣಕ್ಕ" ಎಂದ ಸಣ್ಣಯ್ಯ, ನಾಚಿಕೊಂಡು.

ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇದ್ದಿದ್ದರೆ ಚೌಡಯ್ಯ ಸಹಿಸುತ್ತಿದ್ದ, ತನಗೆ ಸಲ್ಲಬೇಕಾದ್ದೇ ಎಂದುಕೊಳ್ಳುತ್ತಿದ್ದ. ಒಂದು ದಿನ ತಡೆಯಲಾಗದೆ ಗಾಡಿಯಲ್ಲಿ ಹೇಳಿಬಿಟ್ಟ: "ಲೇ ಸಣ್ಣ, ಒಂದೇ ಒಂದ್ಸಲ ಕೂಗ್ದಲೆ ಬಾರ್ಲಾ ಒಳಕ್ಕೆ. ಮೊದ್ಲು ಬತ್ತಿದ್ಯಲ್ಲ, ಸೀದಾ ಅಡ್ಗೆಮನೆಗಂಟ. ಅಂಗೆ ಬಾ."

"ಅದ್ಯಾವ ದೊಡ್ಡ ಮಾತಣ್ಣ, ಬತ್ತೀನಿ" ಎಂದ ಸಣ್ಣಯ್ಯ.

ಮಾರನೆಯ ದಿನ ಚೌಡಯ್ಯ ಜಗಲಿಯಲ್ಲಿ ಕಾದು ಕೂತ. ಬಿಸಿಲು ಏರಿತ್ತು. ಸಣ್ಣಯ್ಯ ಬೀದಿಯಲ್ಲಿ ಕಾಲೆಳೆದುಕೊಂಡು ಬಂದ, ತಡಿಕೆಯ ಹತ್ತಿರ ನಿಂತ. ಬಾಯಿ ತೆರೆದ, ನೆನಪಾಗಿ ಮುಚ್ಚಿಕೊಂಡ. ಚೌಡಯ್ಯನ ಕಡೆ ನೋಡಿ ನಕ್ಕ. ತಡಿಕೆಯ ಮೇಲೆ ಕೈ ಇಟ್ಟ. ಒಳಕ್ಕೆ ಹೆಜ್ಜೆ ಇಡಲು ಹೋದ, ಹೆಜ್ಜೆ ಬರಲಿಲ್ಲ. ಕೈ ತೆಗೆದು, ಮತ್ತೆ ಇಟ್ಟ. ನಗು ಮುಖದಲ್ಲಿ ಹಾಗೇ ಇತ್ತು, ಆದರೆ ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಬಿಸಿಲಿನಲ್ಲಿ, ತಾನು ಉಂಡು ಬೆಳೆದ ಮನೆಯ ಮುಂದೆ, ತನ್ನ ಅಣ್ಣನ ಎದುರಿಗೆ ಅವನು ಹಾಗೆ ನಿಂತೇ ಇದ್ದ.

ಚೌಡಯ್ಯನಿಗೆ ನೋಡಲಾಗಲಿಲ್ಲ.

"ಕೂಗ್ಬುಡ್ಲಾ" ಎಂದ.

ಸಣ್ಣಯ್ಯ ಹಿಡಿದಿದ್ದ ಉಸಿರು ಬಿಟ್ಟ. "ನಾನ್ ಕಣಣ್ಣ, ಸಣ್ಣಯ್ಯ" ಎಂದು ಕೂಗಿ, ತಡಿಕೆ ಸರಿಸಿ, ಕುಂಟುತ್ತ ಒಳಗೆ ಬಂದು ಚೌಡಯ್ಯನ ಪಕ್ಕದಲ್ಲಿ ಕೂತುಕೊಂಡ. ಸಿದ್ದಲಿಂಗಮ್ಮ ಒಳಗಿನಿಂದ ಇಬ್ಬರಿಗೂ ಮಜ್ಜಿಗೆ ತಂದಿಟ್ಟಳು.